‘ಜನ್ಮಪಾಪ’ ಎಂಬ ಮಾತು ಕನ್ನಡದ ಕಿವಿಗೆ ಏನನ್ನು ಹೇಳುತ್ತದೆ?

ಮಾನ್ಯರೇ,

ಹೊನ್ನಾವರದಲ್ಲಿ ನಮ್ಮ ಮನೆಯ ಬೇಲಿಗೆ ತಾಗಿ ಒಂದು ಕ್ರೈಸ್ತ ಕುಟುಂಬವಿದೆ. ಅವರ ಮನೆಮಾತು ಕೊಂಕಣಿ, ಶಾಲೆಯಲ್ಲಿ ಓದಿದ್ದು ಕನ್ನಡ. ಆ ಮನೆಯ ಮೊಮ್ಮಗುವಿನ ಜ್ಞಾನಸ್ನಾನಕ್ಕೆ, ಎಂದರೆ ನೀರಿನಿಂದ ಕ್ರೈಸ್ತ ದೀಕ್ಷೆ ಕೊಡುವ ವಿಧಿಗೆ, ಇಗರ್ಜಿಗೆ ಬರುವ ನೆರೆಹೊರೆಯ ಹಿಂದೂಗಳಿಗೂ ವಿಧಿಯ ಅರ್ಥ ತಿಳಿಯಲಿ ಎಂದು ಮನೆಯವರು ನಾಲ್ಕು ಪುಟದ ಕನ್ನಡ ಪುಸ್ತಿಕೆಯೊಂದನ್ನು ಬರೆದು, ತಿದ್ದಿಕೊಡಲು ನನ್ನ ಬಳಿ ತಂದಿದ್ದರು. ಬಹುಕಾಲ ಕನ್ನಡ ಕಲಿಸಿದ ನಾನು ಕಾಗುಣಿತವನ್ನೂ ಒತ್ತಕ್ಷರವನ್ನೂ ತಿದ್ದಿಕೊಟ್ಟೆನೇ ಹೊರತು, ‘ಈ ಸ್ನಾನದಿಂದ ಮಗುವಿನ ಜನ್ಮಪಾಪವು ತೊಳೆದುಹೋಗುತ್ತದೆ’ ಎಂಬ ವಾಕ್ಯದ ಮೇಲೆ ನನ್ನ ಕಣ್ಣು ನಿಲ್ಲಲಿಲ್ಲ. ಆ ದಿನ ಇಗರ್ಜಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ನಮ್ಮ ಕೇರಿಯ ಹಿರಿಯ ಹೆಂಗಸೊಬ್ಬರು ಅದನ್ನು ಓದಿ, ಮಗುವಿನ ಮುಖವನ್ನೊಮ್ಮೆ ನೋಡಿ, ‘ಹಿಂದಿನ ಜನ್ಮದಲ್ಲಿ ಎಂಥ ಮಾಡಿಕೊಂಡು ಬಂದಿತ್ತೋ, ಪಾಪ’ ಎಂದು ನಿಟ್ಟುಸಿರಿಟ್ಟರು. ಮಗುವಿನ ಅಜ್ಜಿಯ ಕಿವಿಗೆ ಅದು ಬಿದ್ದಿತ್ತು. ಸಂಜೆ ಬೇಲಿಯ ಬಳಿ ನಿಂತು ಅವರು ಕೇಳಿದರು: ‘ಮಾಸ್ತರೇ, ನಮ್ಮಲ್ಲಿ ಹಿಂದಿನ ಜನ್ಮ ಅಂತ ಇಲ್ಲ. ಆ ಮಗು ಏನೂ ಮಾಡಲೂ ಇಲ್ಲ. ನಿಮ್ಮ ಕನ್ನಡದಲ್ಲಿ ಇದಕ್ಕೆ ಬೇರೆ ಶಬ್ದವೇ ಇಲ್ಲವೋ?’ ‘ನೋಡಿ ಹೇಳುತ್ತೇನೆ ಬಾಯಿ’ ಎಂದೆ. ಈ ಪತ್ರ ಆ ನೋಡುವಿಕೆಯ ಫಲ.

ನಿಟ್ಟುಸಿರಿಟ್ಟ ಹಿರಿಯರ ಓದಿನಲ್ಲಿ ದೋಷವಿಲ್ಲ. ‘ಜನ್ಮದಿನ’, ‘ಜನ್ಮಸ್ಥಳ’ ಎಂದಾಗ ನಮಗೆ ಈ ಹುಟ್ಟೇ ನೆನಪಾಗುತ್ತದೆ. ಆದರೆ ‘ಜನ್ಮ’ವನ್ನು ‘ಪಾಪ’ದ ಪಕ್ಕದಲ್ಲಿ ಕೂರಿಸಿದ ಕೂಡಲೇ ‘ಯಾವ ಜನ್ಮದ ಪಾಪವೋ’, ‘ಜನ್ಮಾಂತರದ ಕರ್ಮ’ ಎಂಬ ಹಳೆಯ ಜೋಡಿಗಳೆಲ್ಲ ಎದ್ದು ಬರುತ್ತವೆ. ಸಮಾಸವನ್ನು ಬಿಡಿಸಿದರೂ ತೊಡಕು ತೀರುವುದಿಲ್ಲ. ಜನ್ಮದಲ್ಲಿ ಮಾಡಿದ ಪಾಪವೆನ್ನಬಹುದು, ಜನ್ಮದಿಂದ ಬಂದ ಪಾಪವೆನ್ನಬಹುದು, ಜನ್ಮವೇ ಪಾಪವೆಂದೂ ಹೇಳಬಹುದು. ಕ್ರೈಸ್ತ ಬೋಧನೆ ಈ ಮೂರರಲ್ಲಿ ಎರಡನೆಯದನ್ನು ಮಾತ್ರ, ಅದನ್ನೂ ಒಂದು ವಿಶೇಷಾರ್ಥದಲ್ಲಿ, ಒಪ್ಪುತ್ತದೆ. ಮೂರನೆಯದನ್ನಂತೂ ಅದು ಸ್ಪಷ್ಟವಾಗಿ ತಳ್ಳಿಹಾಕುತ್ತದೆ, ಏಕೆಂದರೆ ಬೈಬಲಿನ ಮೊದಲ ಅಧ್ಯಾಯದ ಪ್ರಕಾರ ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು, ಮತ್ತು ಸೃಷ್ಟಿಯೆಲ್ಲವೂ ಬಹು ಒಳ್ಳೆಯದಾಗಿತ್ತು. ಹುಟ್ಟು ಕೆಟ್ಟದ್ದಲ್ಲ, ದೇಹ ಕೆಟ್ಟದ್ದಲ್ಲ. ಮೊದಲ ಮನುಷ್ಯ ಆದಾಮನು ದೇವರ ಮಾತು ಮೀರಿದ್ದರಿಂದ, ಒಳ್ಳೆಯದಾಗಿಯೇ ಇದ್ದ ಸ್ವಭಾವಕ್ಕೆ ಗಾಯವಾಗಿದೆ, ಮತ್ತು ಪ್ರತಿಯೊಬ್ಬನೂ ಆ ಗಾಯಗೊಂಡ ಸ್ವಭಾವವನ್ನೇ ಪಡೆದು ಹುಟ್ಟುತ್ತಾನೆ ಎಂಬುದು ಮಾತಿನ ತಿರುಳು. ಕಥೋಲಿಕ ಸಭೆ (ಚರ್ಚು) 1992ರಲ್ಲಿ ಹೊರತಂದ ಧರ್ಮೋಪದೇಶ ಸಂಗ್ರಹವು ಇದನ್ನು ಬಹಳ ಎಚ್ಚರದಿಂದ ವಿವರಿಸುತ್ತದೆ: ಇದು ಮಾಡಿದ ಪಾಪವಲ್ಲ, ತಗುಲಿದ ಪಾಪ; ಕ್ರಿಯೆಯಲ್ಲ, ಸ್ಥಿತಿ; ಇದನ್ನು ‘ಪಾಪ’ ಎಂದು ಕರೆಯುವುದೂ ಸಾದೃಶ್ಯದ ಬಲದಿಂದ ಮಾತ್ರ. ಬೇಲಿಯ ಆಚೆ ನಿಂತ ಅಜ್ಜಿ ‘ಆ ಮಗು ಏನೂ ಮಾಡಲೂ ಇಲ್ಲ’ ಎಂದಾಗ, ತಮಗೆ ಅರಿವಿಲ್ಲದೆಯೇ, ತಮ್ಮ ಸಭೆಯ ಬೋಧನೆಯನ್ನು ನಮ್ಮ ಪುಸ್ತಿಕೆಗಿಂತ ನಿಖರವಾಗಿ ಹೇಳಿದ್ದರು.

ಈ ವಿಷಯದ ಇತಿಹಾಸದಲ್ಲಿ ಭಾಷಾಂತರದ ಪಾಲೂ ಇದೆ, ಪದಚರ್ಚೆಯಲ್ಲಿ ಆಸಕ್ತಿಯುಳ್ಳವರು ಅದನ್ನು ಗಮನಿಸಬೇಕು. ಆದಿ ಕ್ರೈಸ್ತ ಬೋಧಕ ಪೌಲನು ರೋಮಾಪುರದವರಿಗೆ ಬರೆದ, ಬೈಬಲಿನಲ್ಲಿ ಸೇರಿರುವ ಪತ್ರದ 5ನೆಯ ಅಧ್ಯಾಯದ 12ನೆಯ ವಚನದಲ್ಲಿ, ಒಬ್ಬ ಮನುಷ್ಯನಿಂದ ಪಾಪವೂ ಪಾಪದಿಂದ ಮರಣವೂ ಲೋಕಕ್ಕೆ ಬಂದವೆಂದು ಹೇಳಿದ ಮೇಲೆ ಬರುವ ಗ್ರೀಕ್ ಪದಗುಚ್ಛಕ್ಕೆ ಇಂದಿನ ಬಹುಪಾಲು ಭಾಷಾಂತರಕಾರರು ‘ಎಲ್ಲರೂ ಪಾಪ ಮಾಡಿದ್ದರಿಂದ’ ಎಂದು ಅರ್ಥ ಕೊಡುತ್ತಾರೆ. ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ (354–430) ಓದಿದ ಲ್ಯಾಟಿನ್ ಪಾಠದಲ್ಲಿ ಅದು ‘ಯಾರಲ್ಲಿ ಎಲ್ಲರೂ ಪಾಪ ಮಾಡಿದರೋ’ ಎಂದು ಓದಿಸಿಕೊಳ್ಳುವಂತಿತ್ತು, ಅಂದರೆ ಆದಾಮನೊಳಗೇ ಎಲ್ಲರೂ ಇದ್ದು ಪಾಪ ಮಾಡಿದಂತಾಯಿತು. ಅಗಸ್ಟೀನನ ವಾದಕ್ಕೆ ಬೇರೆ ಆಧಾರಗಳೂ ಇದ್ದವು, ಎಲ್ಲವೂ ಈ ಒಂದು ವಿಭಕ್ತಿಯ ಮೇಲೆ ನಿಂತಿತೆಂದರೆ ಅನ್ಯಾಯವಾದೀತು. ಆದರೂ ಪಶ್ಚಿಮದ ಸಭೆಯಲ್ಲಿ ಆದಾಮನ ಅಪರಾಧದ ಹೊಣೆಯ ಮಾತು ಬಲವಾಗಿ ಬೇರೂರಿದರೆ, ಗ್ರೀಕನ್ನೇ ಓದುತ್ತಿದ್ದ ಪೂರ್ವದ ಆರ್ಥೊಡಾಕ್ಸ್ ಸಭೆಗಳು ಆದಾಮನಿಂದ ನಮಗೆ ಬಂದದ್ದು ಮರಣ ಮತ್ತು ಕ್ಷಯ, ಅಪರಾಧದ ಹೊಣೆಯಲ್ಲ ಎಂದು ಇಂದಿಗೂ ಹೇಳುತ್ತವೆ.

ಇನ್ನು ‘ಪಾಪ’ ಎಂಬ ಪದದ ಮಾತು. ನಮ್ಮ ಕರಾವಳಿಯಲ್ಲಿ ‘ಪಾಪಿ’ ಎಂದರೆ ದುಷ್ಟ, ‘ಪಾಪದವ’ ಎಂದರೆ ಬಡವ, ಯಾರಿಗೂ ಕೇಡು ಬಗೆಯದವ. ಒಂದೇ ಪ್ರಕೃತಿಗೆ ಎರಡು ಪ್ರತ್ಯಯ ಹತ್ತಿ ಅರ್ಥ ತೀರ ಎದುರುಬದುರಾಗಿ ನಿಂತಿದೆ. ‘ಅಯ್ಯೋ ಪಾಪ’ ಎಂಬ ಉದ್ಗಾರವಂತೂ ಶುದ್ಧ ಕನಿಕರ. ಇದನ್ನು ನಾನು ತೊಡಕೆಂದು ಎಣಿಸುವುದಿಲ್ಲ. ಪಾಪವನ್ನು ದಂಡನೆಗಿಂತ ಮೊದಲು ಮರುಕದಿಂದ ನೋಡುವ ದೇವರನ್ನು ಕುರಿತು ಮಾತಾಡುವಾಗ, ತಪ್ಪಿಗೂ ಕನಿಕರಕ್ಕೂ ಒಂದೇ ಪದವಿರುವ ಭಾಷೆ ಬಡ ಭಾಷೆಯಲ್ಲ. ನಿಜವಾದ ತೊಡಕು ಬೇರೆಡೆ ಇದೆ. ಕನ್ನಡದಲ್ಲಿ ಪಾಪ ಒಂಟಿಯಾಗಿರುವುದಿಲ್ಲ, ಪುಣ್ಯದ ಜೊತೆಗೇ ಇರುತ್ತದೆ, ಮತ್ತು ಎರಡೂ ಸೇರಿ ಒಂದು ಲೆಕ್ಕದ ಪುಸ್ತಕವಾಗುತ್ತದೆ. ಈ ಕಡೆ ಜಮೆ, ಆ ಕಡೆ ಖರ್ಚು. ಕ್ರೈಸ್ತ ಬೋಧನೆಯಲ್ಲಿ ಪಾಪಕ್ಕೆ ಎದುರಾಗಿ ನಿಲ್ಲುವುದು ಪುಣ್ಯದ ಜಮೆಯಲ್ಲ, ದೇವರ ಕೃಪೆ. ಪುಣ್ಯ ಹೆಚ್ಚಿಸಿ ಪಾಪವನ್ನು ಸರಿದೂಗಿಸುವ ದಾರಿ ಅಲ್ಲಿಲ್ಲ.

ಮೂಲ ಭಾಷೆಗಳನ್ನು ನೋಡಿದರೆ ನಮ್ಮದೇ ಇನ್ನೊಂದು ಪದ ಹತ್ತಿರ ಬರುತ್ತದೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಪಾಪಕ್ಕೆ ಬಳಕೆಯಾಗುವ ಗ್ರೀಕ್ ಪದ ‘ಹಮಾರ್ತಿಯ’. ಅದರ ಕ್ರಿಯಾಪದವನ್ನು ಹಳೆಯ ಗ್ರೀಕ್ ಕಾವ್ಯದಲ್ಲಿ ಎಸೆದ ಈಟಿ ಗುರಿ ತಪ್ಪಿದ್ದಕ್ಕೆ ಬಳಸಿದ್ದಾರೆ. ಹೀಬ್ರೂವಿನಲ್ಲೂ ಹಾಗೆಯೇ. ಹಳೆಯ ಒಡಂಬಡಿಕೆಯ ‘ನ್ಯಾಯಸ್ಥಾಪಕರು’ ಪುಸ್ತಕದ 20ನೆಯ ಅಧ್ಯಾಯದಲ್ಲಿ ಕೂದಲೆಳೆಗೂ ಗುರಿಯಿಟ್ಟು ಕವಣೆಕಲ್ಲು ಎಸೆದು ತಪ್ಪದಿದ್ದ 700 ಮಂದಿ ಎಡಚರ ವರ್ಣನೆಯಿದೆ. ಅಲ್ಲಿ ‘ತಪ್ಪು’ ಎಂಬುದಕ್ಕೆ ಬಂದಿರುವ ಧಾತುವೇ ಪಾಪವೆಂಬ ಪದಕ್ಕೂ ಮೂಲ. ನಮ್ಮ ‘ತಪ್ಪು’ ಇದಕ್ಕೆ ಎಷ್ಟು ಸರಿಯಾಗಿ ಒಪ್ಪುತ್ತದೆ! ಗುರಿ ತಪ್ಪುತ್ತದೆ, ದಾರಿ ತಪ್ಪುತ್ತದೆ, ಮಾತು ತಪ್ಪುತ್ತದೆ, ಆಯ ತಪ್ಪಿ ಬೀಳುತ್ತೇವೆ. ಅದೇ ಪದ ನಾಮಪದವಾಗಿ ಅಪರಾಧವೂ ಆಗುತ್ತದೆ. ಆದರೆ ಶಾಲೆಯ ಲೆಕ್ಕದ ತಪ್ಪು, ಅಚ್ಚಿನ ತಪ್ಪು ಎಂದು ಬಳಸಿ ಬಳಸಿ ಪದ ಹಗುರವಾಗಿದೆ. ‘ಜನ್ಮತಪ್ಪು’ ಎಂದರೆ ನಗು ಬರುತ್ತದೆ.

ಕೊಂಕಣಿ ತಪ್ಪು, ಪಾಪ ಎಂಬ ಈ ಎರಡನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡಿದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಇತರರು ನಮಗೆ ಮಾಡಿದ್ದಕ್ಕೆ ‘ಚುಕ್’ (ತಪ್ಪು) ಧಾತು ಬರುತ್ತದೆ, ನಾವು ದೇವರೆದುರು ಮಾಡಿದ್ದಕ್ಕೆ ‘ಪಾತಕ್’ ಎಂದು ಬರುತ್ತದೆ. ಈ ‘ಪಾತಕ’ ಕನ್ನಡಕ್ಕೂ ಹೊಸದಲ್ಲ. ಸಂಸ್ಕೃತದ ‘ಪತ್’, ಬೀಳು ಎಂಬ ಧಾತುವಿನಿಂದ ಬಂದದ್ದು, ಕೆಡಹುವಂಥದ್ದು ಎಂದರ್ಥ. ಆದಾಮನ ಪತನವನ್ನು ಹೇಳುವವರಿಗೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು. ದುರ್ದೈವದಿಂದ ನಮ್ಮ ಪತ್ರಿಕೆಗಳಲ್ಲಿ ‘ಪಾತಕಿ’ ಎಂದರೆ ಈಗ ಭೂಗತ ಲೋಕದವನು. ಬೇಲಿಯ ಆಚೆಯ ಅಜ್ಜಿ ಪ್ರತಿ ಸಂಜೆ ಜಪಸರ ಹಿಡಿದು, ಪಾತ್ಕಿಗಳಾದ ನಮಗಾಗಿ ಬೇಡಿಕೋ ಎಂದು ಮರಿಯಮ್ಮನನ್ನು ಪ್ರಾರ್ಥಿಸುವುದು ನಮ್ಮ ಅಂಗಳಕ್ಕೆ ಕೇಳಿಸುತ್ತದೆ. ಅದೇ ಪದವನ್ನು ಕನ್ನಡದಲ್ಲಿ ಅವರ ಬಗ್ಗೆ ಬರೆಯಲು ನನ್ನ ಕೈ ಏಳುವುದಿಲ್ಲ.

ಪಾಪದಿಂದ ಪಾರಾಗುವುದಕ್ಕೆ ಹೇಳುವ ‘ರಕ್ಷಣೆ’ ಎಂಬ ಪದದ ವಿಷಯದಲ್ಲಿ ನನಗೆ ಅಷ್ಟು ಅನುಮಾನವಿಲ್ಲ. ‘ಮೋಕ್ಷ’ ಎಂದರೆ ಮತ್ತೆ ಜನ್ಮಚಕ್ರದ ನೆನಪು ಬರುತ್ತದೆ. ‘ಉದ್ಧಾರ’ವನ್ನು ನಾವು ಬೈಯುವುದಕ್ಕೇ ಹೆಚ್ಚು ಬಳಸುತ್ತೇವೆ. ಕೊಂಕಣಿಯ ‘ಸೊಡ್ವಣ್’ ಎಂದರೆ ಬಿಡುಗಡೆ. ಕನ್ನಡ ಬೈಬಲಿನಲ್ಲಿ, ಅನೇಕರನ್ನು ಬಿಡಿಸಿಕೊಳ್ಳಲು ಕ್ರಿಸ್ತನು ತನ್ನ ಪ್ರಾಣವನ್ನು ‘ಈಡು’ ಕೊಡಲು ಬಂದನೆಂಬ ಮಾತಿದೆ. ಸೊಸೈಟಿಯಲ್ಲಿ ಅಡವಿಟ್ಟ ಬಂಗಾರವನ್ನು ಬಿಡಿಸಿಕೊಂಡು ಬಂದ ಮನೆಯವರಿಗೆ ಆ ಪದ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ನಮ್ಮ ‘ತಪ್ಪುಕಾಣಿಕೆ’ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. ತಪ್ಪುಕಾಣಿಕೆಯನ್ನು ತಪ್ಪು ಮಾಡಿದವನೇ ಕಟ್ಟುತ್ತಾನೆ, ಇಲ್ಲಿ ಈಡನ್ನು ಕಟ್ಟುವವನು ಬೇರೆಯವನು.

ಈ ಪದಗಳೆಲ್ಲ ನನ್ನ ತಲೆಯಲ್ಲಿ ಸುತ್ತುತ್ತಿದ್ದಾಗ, ಬಂದರಿನಲ್ಲಿ ಪರಿಚಯದ ಮೀನುಗಾರರೊಬ್ಬರು ಶರಾವತಿಯ ಅಳಿವೆಯಲ್ಲಿ ತಮ್ಮ ಬೋಟು ಹೊಯ್ಗೆಗೆ (ಮರಳಿಗೆ) ಹತ್ತಿದ ಸಂಗತಿ ಹೇಳಿದರು. ‘ಹೊಯ್ಗೆ ಎಲ್ಲಿ ಸರಿದಿದೆ ಅಂತ ತಿಳಿಯಲಿಲ್ಲ ಮಾಸ್ತರೇ, ದಾರಿ ತಪ್ಪಿತು. ಒಮ್ಮೆ ಕೂತ ಮೇಲೆ ಎಷ್ಟು ಇಂಜಿನ್ ಕೊಟ್ಟರೂ ಅಷ್ಟಷ್ಟು ಹುಗಿಯುವುದೇ. ಬೇರೆ ಬೋಟು ಬಂದು ಹಗ್ಗ ಹಾಕಿ ಎಳೆಯಬೇಕು.’ ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡದೆ ಬೇಡವೆಂದಿರುವ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಪೌಲನು ರೋಮಾಪುರದವರ ಪತ್ರದ 7ನೆಯ ಅಧ್ಯಾಯದಲ್ಲಿ ಹೇಳಿಕೊಳ್ಳುವುದು ಈ ಹುಗಿದ ಬೋಟಿನ ಸ್ಥಿತಿಯನ್ನೇ. ಎಸೆದ ಹಗ್ಗವನ್ನು ಹಿಡಿದು ಕಟ್ಟಿಕೊಳ್ಳುವುದರಲ್ಲಿ ಮನುಷ್ಯನ ಪಾಲು ಎಷ್ಟು ಎಂಬುದರ ಮೇಲೆ ಕಥೋಲಿಕರಿಗೂ ಪ್ರಾಟೆಸ್ಟಂಟರಿಗೂ ಶತಮಾನಗಳ ವಾದವಿದೆ. ಆದರೆ ಹಗ್ಗಕ್ಕೆ ಕೈ ಚಾಚುವ ಮನಸ್ಸು ಹುಟ್ಟುವುದೂ ಕೃಪೆಯಿಂದಲೇ ಎಂದು 529ರಲ್ಲಿ ಇಂದಿನ ಫ್ರಾನ್ಸಿನ ಒರಾಂಜ್‌ನಲ್ಲಿ ಸೇರಿದ ಬಿಷಪರ ಸಭೆ ಹೇಳಿದ್ದನ್ನು ಇಬ್ಬರೂ ಒಪ್ಪುತ್ತಾರೆ. ‘ಮೂವರು ಮೀನುಗಾರರ ರಕ್ಷಣೆ’ ಎಂಬ ತಲೆಬರಹವನ್ನು ಮಳೆಗಾಲದುದ್ದಕ್ಕೂ ಓದುವ ನಮ್ಮ ಊರಿಗೆ, ರಕ್ಷಣೆ ಎಂದರೆ ಹೊರಗಿನಿಂದ ಬರಬೇಕಾದದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಮನಸ್ಸು ಸದ್ಯಕ್ಕೆ ಇಲ್ಲಿಗೆ ಬಂದಿದೆ: ಆದಾಮನು ಮಾಡಿದ ಕ್ರಿಯೆಗೆ ‘ಆದಿಪಾಪ’ ಎನ್ನಬೇಕು, ಅದರಿಂದ ಎಲ್ಲರಿಗೂ ಬಂದ ಸ್ಥಿತಿಗೆ ಬೇರೆ ಪದ ಬೇಕು. ‘ಮೂಲಪಾಪ’ ಎಂಬುದು ಇದರ ಲ್ಯಾಟಿನ್ ಹೆಸರಿನಂತೆಯೇ ಎರಡಕ್ಕೂ ಸಲ್ಲುವುದರಿಂದ ಗೊಂದಲ ಹಾಗೆಯೇ ಉಳಿಯುತ್ತದೆ. ‘ಹುಟ್ಟುಗುಣ’ ಎಂಬ ಚೆಂದದ ಪದವನ್ನು ಮುಟ್ಟಲು ಹೆದರಿಕೆಯಾಗುತ್ತದೆ, ಏಕೆಂದರೆ ಅದು ಸುಟ್ಟರೂ ಹೋಗದು ಎಂದು ಗಾದೆ ಹೇಳಿಬಿಟ್ಟಿದೆ, ಇಲ್ಲಿ ಹೇಳಬೇಕಾದದ್ದು ಅದು ವಾಸಿಯಾಗುತ್ತದೆ ಎಂದು. ಗ್ರೀಕಿನಲ್ಲಿ ರಕ್ಷಿಸು ಎಂಬ ಕ್ರಿಯಾಪದಕ್ಕೆ ಗುಣಪಡಿಸು ಎಂಬ ಅರ್ಥವೂ ಇರುವುದರಿಂದ ‘ಹುಟ್ಟಿನಿಂದ ಬಂದ ಗಾಯ’ ಎಂದು ಬರೆದು ನೋಡಿದೆ. ಅಜ್ಜಿ ಅದನ್ನು ಎರಡು ಸಲ ಓದಿ, ‘ಗಾಯ ಸರಿ ಮಾಸ್ತರೇ, ಆದರೆ ಗಾಯವನ್ನು ತೊಳೆದರೆ ಸಾಕೋ, ಮದ್ದು ಬೇಡವೋ?’ ಎಂದರು. ‘ತೊಳೆದುಹೋಗುತ್ತದೆ’ ಎಂಬ ಕ್ರಿಯಾಪದವೂ ಬದಲಾಗಬೇಕೆಂದು ಅವರ ಮಾತಿನಿಂದ ತಿಳಿಯಿತು. ನೀರು ಅಲ್ಲಿ ತೊಳೆಯುವ ನೀರು ಮಾತ್ರವಲ್ಲ, ಹೊಸದಾಗಿ ಹುಟ್ಟಿಸುವ ನೀರು ಎಂದು ಅವರ ಧರ್ಮಗ್ರಂಥವೇ ಹೇಳುತ್ತದೆ.

ಹಳಿಯಾಳ, ಯಲ್ಲಾಪುರಗಳ ಕ್ರೈಸ್ತ ಸಿದ್ದಿಯರ ಮಾತಿನಲ್ಲಾಗಲಿ, ಧಾರವಾಡ, ಮಂಗಳೂರುಗಳ ಪ್ರಾಟೆಸ್ಟಂಟ್ ಮನೆಗಳ ಕನ್ನಡದಲ್ಲಾಗಲಿ ಈ ಸ್ಥಿತಿಗೆ ಬಳಕೆಯಲ್ಲಿರುವ ಬೇರೆ ಪದವನ್ನು ಯಾರಾದರೂ ಕೇಳಿದ್ದರೆ, ಯಾವ ಸಂದರ್ಭದಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದರ ಸಮೇತ ತಿಳಿಸಬೇಕೆಂದು ವಿನಂತಿ. ಪುಸ್ತಿಕೆಯನ್ನು ಮತ್ತೆ ಅಚ್ಚು ಹಾಕಿಸುವವರಿದ್ದಾರೆ, ಆ ವಾಕ್ಯದ ಜಾಗವನ್ನು ಖಾಲಿ ಬಿಟ್ಟುಕೊಂಡಿದ್ದೇನೆ.