ಪುಟ್ಟಿಯ ಕಾಲು ನೋವಿಗೆ ಚಿಕ್ಕಮ್ಮನ ಉತ್ತರ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಅಂಗಡಿಯಲ್ಲಿ ದಿನವಿಡೀ ನಿಂತು ಸಂಜೆಗೆ ಎಡಗಾಲಿನ ಬೆರಳ ಬುಡ ಉರಿಯುತ್ತದೆ, ಜಲ್ಲಿ ಮೇಲೆ ನಿಂತ ಹಾಗಾಗುತ್ತದೆ ಅಂತ ಬರೆದಿದ್ದೀಯ. ಅದಕ್ಕೆ ನಿಮ್ಮಮ್ಮ "ಹುಟ್ಟಿನಿಂದ ಬಂದ ಕಾಲು, ಏನು ಮಾಡೋಕಾಗುತ್ತೆ" ಅಂದಿದ್ದಾಳೆ. ಅಕ್ಕ ಬೇಜಾರು ಮಾಡ್ಕೊಂಡರೂ ಸರಿ, ಆ ಮಾತು ನಾನು ಒಪ್ಪುವುದಿಲ್ಲ. ನನ್ನದೂ ನಿನ್ನ ಹಾಗೇ ಹುಟ್ಟಿನಿಂದ ಒಳಕ್ಕೆ ತಿರುಚಿದ ಸೊಟ್ಟ ಪಾದ (ಕ್ಲಬ್‌ಫುಟ್) ಅಲ್ವಾ? ಹಾಗಂದುಕೊಂಡೇ 20 ವರ್ಷ ನೋವು ನುಂಗಿದೆ.

ಪಾದ ಸೊಟ್ಟ ಇರುವುದು ಬೇರೆ, ನೋಯುವುದು ಬೇರೆ. ನಮ್ಮಂಥವರಲ್ಲಿ ತುಂಬಾ ಜನಕ್ಕೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ದಪ್ಪ ಪಟ್ಟಿ, ಬಿಗಿಯಾಗಿರುತ್ತದೆ. ಹಿಮ್ಮಡಿ ಸರಿಯಾಗಿ ಊರುವುದಿಲ್ಲ. ಮೈಭಾರ ಮುಂದಕ್ಕೆ, ಅದರಲ್ಲೂ ಕಿರುಬೆರಳ ಕಡೆಗೆ ಬೀಳುತ್ತದೆ. ಕಾಲು ಒದ್ದೆ ಮಾಡಿಕೊಂಡು ಸಿಮೆಂಟ್ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡು, ನಿನಗೇ ಗೊತ್ತಾಗುತ್ತದೆ. ಆಣಿ ಎದ್ದಿರುವುದೂ ಅಲ್ಲೇ. ಅದನ್ನು ಬ್ಲೇಡಿನಲ್ಲಿ ಕೆರೆಯಬೇಡ ಕಂದಾ. ಭಾರ ಅಲ್ಲೇ ಬೀಳುತ್ತಿದ್ದರೆ ಅದು ಮತ್ತೆ ಬರುತ್ತದೆ.

ನನ್ನನ್ನು ಉಳಿಸಿದ್ದು ಒಂದು ಪುಟ್ಟ ಪ್ಯಾಡ್. ಮೊದಲು ನೋಯುವ ಜಾಗದ ಕೆಳಗೇ ಸ್ಪಂಜು ತುಂಬುತ್ತಿದ್ದೆ. ನೋವು ಜಾಸ್ತಿಯೇ ಆಯಿತು. ಪ್ಯಾಡ್ ಇರಬೇಕಾದದ್ದು ಬೆರಳ ಬುಡದಲ್ಲಿ ನೋಯುವ ಮೂಳೆ ಗಂಟಿನ ಕೆಳಗಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿ ಕಡೆಗೆ. ಆಗ ಭಾರ ಅದರ ಮೇಲೆ ಬೀಳುತ್ತದೆ, ಗಂಟಿಗೆ ಬಿಡುವು ಸಿಗುತ್ತದೆ. ಹಿಮ್ಮಡಿ ನೆಲಕ್ಕೆ ಮುಟ್ಟದಿದ್ದರೆ ಅದರಡಿಗೂ ಚೂರು ಎತ್ತರ ಕೊಡುತ್ತಾರೆ. ಪಾದದ ಅಚ್ಚು ತೆಗೆದು ಮಾಡಿಕೊಡುವವರ ಹತ್ತಿರವೇ ಮಾಡಿಸು. ಬೆಂಗಳೂರಿನ ಜೆ.ಪಿ. ನಗರದಲ್ಲಿ ಮೊಬಿಲಿಟಿ ಇಂಡಿಯಾ ಅಂತ ಅಂಗವಿಕಲರಿಗಾಗಿ ಕೆಲಸ ಮಾಡುವ ಸಂಸ್ಥೆ ಇದೆ, ಅಲ್ಲಿ ವಿಚಾರಿಸು.

ಶೂ ಸಂಜೆ ಹೊತ್ತು ಕೊಳ್ಳು, ಆಗ ಪಾದ ಸ್ವಲ್ಪ ಊದಿರುತ್ತದೆ. ದೊಡ್ಡ ಪಾದದ ಅಳತೆಗೆ ತಗೊಂಡು, ಚಿಕ್ಕದಕ್ಕೆ ಒಳಗೆ ಹಾಸು ಹಾಕು. ಬೆರಳಿಗೆ ಅಗಲ ಇರಲಿ, ಅಡಿ ಗಟ್ಟಿಯಾಗಿದ್ದು ತುದಿ ಮೇಲೆದ್ದಿರಲಿ. ಮನೆಯೊಳಗೂ ಎಂಸಿಆರ್ (ಮೆತ್ತನೆಯ ರಬ್ಬರ್ ಹಾಸಿನ) ಚಪ್ಪಲಿ ಹಾಕಿಕೋ. ಟೈಲ್ಸ್ ಮೇಲೆ ಬರಿಗಾಲು ಬೇಡವೇ ಬೇಡ.

ಮೂಳೆ ಡಾಕ್ಟರಿಗೂ ತೋರಿಸಬೇಕು. ಎಕ್ಸ್‌ರೇ ನಿಂತುಕೊಂಡೇ ತೆಗೆಯಲು ಕೇಳು. ಮಲಗಿ ತೆಗೆದರೆ ಭಾರ ಬಿದ್ದಾಗ ಮೂಳೆ ಹೇಗೆ ಕೂರುತ್ತದೆ ಅಂತ ಕಾಣುವುದಿಲ್ಲ. ಮೀನಖಂಡ ಎಳೆಯುವ ವ್ಯಾಯಾಮ ವಿಡಿಯೋ ನೋಡಿ ಮಾಡಬೇಡ. ಚಿಕ್ಕಂದಿನಲ್ಲಿ ಆಪರೇಷನ್ ಆದ ಕಾಲು, ಕೀಲು ಬಿಗಿದುಕೊಂಡಿದ್ದರೆ ಬಲವಂತ ಮಾಡಿದಷ್ಟೂ ನೋವು. ಫಿಸಿಯೋ ಮುಟ್ಟಿ ನೋಡಿ ಹೇಳಲಿ. ಒಂದೇ ಕಡೆ ಊದಿಕೊಂಡು ಒತ್ತಿದರೆ ಚುಚ್ಚಿದ ಹಾಗೆ ನೋವಾದರೆ ಕಾಯಬೇಡ, ಮೂಳೆ ಬಿರುಕು ಬಿಟ್ಟಿರಬಹುದು.

ಅಂಗಡಿಯಲ್ಲಿ ಒಂದು ಸ್ಟೂಲ್ ಕೇಳು, ಸಂಕೋಚ ಪಡಬೇಡ. ಒದ್ದೆ ಹೆಜ್ಜೆಯ ಫೋಟೋ ಇವತ್ತೇ ಕಳಿಸು. ಡಾಕ್ಟರ ಹತ್ತಿರ ಹೋಗುವ ದಿನ ಹೇಳು, ನಾನೂ ಜೊತೆಗೆ ಬರುತ್ತೇನೆ.