ಸಹಾಯ ಬೇಕು: ಜನವರಿಯಲ್ಲಿ ಅಮ್ಮನ ಜೊತೆ ಬುಡಾಪೆಸ್ಟ್

ನಮಸ್ಕಾರ. ನಾವಿಬ್ಬರು ಮ್ಯೂನಿಕ್‌ನಲ್ಲಿ ಇದ್ದೇವೆ, ಊರಿಂದ ಅಮ್ಮ ಬಂದಿದ್ದಾರೆ. ಜನವರಿ ಮಧ್ಯದಲ್ಲಿ ನಾಲ್ಕು ದಿನ ಬುಡಾಪೆಸ್ಟ್‌ಗೆ ಹೊರಟಿದ್ದೇವೆ, ರೈಲಲ್ಲಿ ಸುಮಾರು 7 ಗಂಟೆ.

ಮೊದಲು ಅಲ್ಲಿನ ಸೇಚೇನಿ ಎಂಬ ಬಿಸಿನೀರ ಬುಗ್ಗೆಯ ಸಾರ್ವಜನಿಕ ಸ್ನಾನಗೃಹದ ವಿಷಯ. 1913ರದ್ದು, ಹಿಮ ಬೀಳುತ್ತಿದ್ದರೂ ಬಯಲಿನ ಕೊಳದಲ್ಲಿ ಬಿಸಿನೀರು ಹಬೆಯಾಡುತ್ತಿರುತ್ತದಂತೆ. ಮಂಡಿನೋವಿಗೆ ಒಳ್ಳೆಯದು ಅಂತ ಅಮ್ಮನಿಗೆ ಆಸೆ, ಆದರೆ ಈಜುಡುಗೆ ಅಂದ ತಕ್ಷಣ "ನಾನು ದಡದಲ್ಲೇ ಕೂತಿರ್ತೀನಿ" ಅಂತಾರೆ. ಆ ಚಳಿಯಲ್ಲಿ ದಡದಲ್ಲಿ ಕೂರೋದಾ! ಮೈ ಪೂರ್ತಿ ಮುಚ್ಚುವ ಈಜುಡುಗೆ ಹಾಕಿಕೊಂಡು ಅಲ್ಲಿ ಇಳಿದವರು ಯಾರಾದರೂ ಇದ್ದೀರಾ? ಬಟ್ಟೆ ಬದಲಿಸುವ ಕೋಣೆಯಿಂದ ಕೊಳಕ್ಕೆ ಎಷ್ಟು ದೂರ ಚಳಿಯಲ್ಲಿ ನಡೀಬೇಕು?

ಎರಡನೆಯದು ನನ್ನ ಹುಚ್ಚು. ಬುಡಾ ಕಡೆಯ (ನದಿಯ ಪಶ್ಚಿಮಕ್ಕಿರುವ ಊರಿನ ಭಾಗ) ಬೆಟ್ಟದ ಕೆಳಗೆ ಪಾಲ್‌ವೋಲ್ಗಿ ಗುಹೆ ಇದೆ, ಹೆಲ್ಮೆಟ್ ಹಾಕಿಕೊಂಡು ತೆವಳಿಕೊಂಡು ಹೋಗುವ ಸಾಹಸ. ಒಳಗೆ ವರ್ಷವಿಡೀ ಹತ್ತು ಡಿಗ್ರಿ ಆಸುಪಾಸು, ಅಂದ್ರೆ ಜನವರಿಯಲ್ಲಿ ಹೊರಗಿಗಿಂತ ಒಳಗೇ ಬೆಚ್ಚಗೆ! ನಮ್ಮ ಯಜಮಾನರು ಆರಡಿ ಎತ್ತರ, ಹೊಟ್ಟೆಯೂ ಸ್ವಲ್ಪ ಇದೆ. ಸಿಕ್ಕಿಹಾಕಿಕೊಳ್ಳಲ್ಲ ತಾನೇ?

ಊಟಕ್ಕೆ ಲಾಂಗೋಶ್ ಬಿಟ್ಟು ಬೇರೆ ಏನಿದೆ, ನಾವು ಸಸ್ಯಾಹಾರಿಗಳು. ಎಣ್ಣೆಯಲ್ಲಿ ಕರಿದ ಆ ರೊಟ್ಟಿಯನ್ನು ಎಷ್ಟು ದಿನ ತಿನ್ನೋದು, ಅಲ್ವಾ? ಸಂಜೆ ಸುಮಾರು ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ಕತ್ತಲಾದ ಮೇಲೆ ಅಮ್ಮನಿಗೆ ಹಿಡಿಸುವಂಥದ್ದು ಇದ್ದರೆ ಅದನ್ನೂ ಹೇಳಿ. ಶುಕ್ರವಾರದೊಳಗೆ ಟಿಕೆಟ್ ಮಾಡಿಸಬೇಕು.