ತೊಗರಿ ದರದ ಅಂದಾಜು: ಜನವರಿಯಲ್ಲಿ ಮಾಲು ಹಿಡಿಯೋದೋ, ಬಿಡೋದೋ?

ಗಂಜ್_ಬೇಳೆಮಿಲ್ (ಕಲಬುರಗಿ):
ಕಲಬುರಗಿ ಎಪಿಎಂಸಿಯ ಹತ್ತು ವರ್ಷದ ತೊಗರಿ ಮೋಡಲ್ ದರ (ಆ ದಿನ ಹೆಚ್ಚು ಮಾಲು ಹೋದ ದರ) ಎಕ್ಸೆಲ್‌ಗೆ ಹಾಕೀನಿ. ಟ್ರೆಂಡ್‌ಲೈನ್ ಎಳೆದ್ರ ಮುಂದಿನ ಜುಲೈಗೆ ಒಂದು ದರ ತೋರಸ್ತದ. ಶುರುವಿನ ಒಂದೇ ವರ್ಷ ತಗದು ಎಳೆದ್ರ ಕ್ವಿಂಟಲ್‌ಗೆ ಸಾವಿರ ರೂಪಾಯಿ ಅತ್ತಿತ್ತ ಆಗ್ತದ. ನಮ್ಮ ಬೇಳೆ ಮಿಲ್ಲಿಗೆ ಜನವರಿ ಸುಗ್ಗಿಯೊಳಗ ಮಾಲು ಹಿಡಿದು (ಖರೀದಿ ಮಾಡಿ) ಜುಲೈ ತನಕ ಇಡೋದೋ, ತಿಂಗಳಿಗೆ ಬೇಕಾದಷ್ಟೇ ತಗೊಳ್ಳೋದೋ ಅನ್ನೋದು ಪ್ರಶ್ನೆ. ಖರೀದಿ ಕ್ವಿಂಟಲ್‌ಗೆ 7,500 ಅಂತ ಹಿಡೀರಿ, ಬ್ಯಾಂಕ್ ಬಡ್ಡಿ ವರ್ಷಕ್ಕ 12%. ಅಂದಾಜು ಹ್ಯಾಂಗ ಮಾಡಬೇಕು?

ಅಂಕಿಲೆಕ್ಕ_ಬೀದರ್:
ತೊಗರಿಗೆ ಟ್ರೆಂಡ್‌ಲೈನ್ ನಡೆಯೋದಿಲ್ಲ ಸರ್. 2015ರಲ್ಲಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿತ್ತು. ಅದನ್ನು ನೋಡಿ 2016ರ ಮುಂಗಾರಿನಲ್ಲಿ ಎಲ್ಲರೂ ತೊಗರಿಯನ್ನೇ ಬಿತ್ತಿದರು. ದೇಶದ ಉತ್ಪಾದನೆ 25 ಲಕ್ಷ ಟನ್ ಆಸುಪಾಸಿನಿಂದ 48 ಲಕ್ಷ ಟನ್‌ಗೆ ಹಾರಿತು, ಬೋನಸ್ ಸೇರಿ ಕ್ವಿಂಟಲ್‌ಗೆ 5,050 ಇದ್ದ ಬೆಂಬಲ ಬೆಲೆಗಿಂತಲೂ ದರ ಕೆಳಗಿಳಿಯಿತು. ನಿಮ್ಮ ಗೆರೆ ಈ ಗುಡ್ಡದ ನೆತ್ತಿಯಿಂದ ಹೊರಡುತ್ತೋ ಬುಡದಿಂದ ಹೊರಡುತ್ತೋ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ, ಅಷ್ಟೇ.

ಮೊದಲು ಗೆಲ್ಲಬೇಕಾದ ದರ ಯಾವುದು ಅಂತ ತೆಗೆಯಿರಿ. ಆರು ತಿಂಗಳ ಬಡ್ಡಿ 450. ಗೋದಾಮು ಬಾಡಿಗೆ, ವಿಮೆ ತಿಂಗಳಿಗೆ 15ರಂತೆ 90. ತೇವ ಆರಿ, ಹುಳು ತಿಂದು 1.5% ತೂಕ ಕಡಿಮೆಯಾದರೆ 112. ಒಟ್ಟು ಸುಮಾರು 650. ಹಾಗಾಗಿ ಜುಲೈ ದರ ಎಷ್ಟಾಗುತ್ತೆ ಅಂತ ತಲೆ ಕೆಡಿಸಿಕೊಳ್ಳೋದು ಬೇಡ. 8,150 ದಾಟುತ್ತಾ ಇಲ್ವಾ, ಅಂದರೆ 8.7% ಏರುತ್ತಾ ಅಂತ ಕೇಳಿದರೆ ಸಾಕು. ಒಂದು ಅಂಕಿ ಹೇಳೋದಕ್ಕಿಂತ ಹೌದು-ಅಲ್ಲ ಹೇಳೋದು ಸುಲಭ, ಆಮೇಲೆ ತಪ್ಪು ಹಿಡಿಯೋದೂ ಸುಲಭ.

ಎಕ್ಸೆಲ್ ಕೆಲಸ ಹೀಗೆ. ತಿಂಗಳ ಸರಾಸರಿಯನ್ನು ಆವಕದ (ಆ ದಿನ ಮಾರುಕಟ್ಟೆಗೆ ಬಂದ ಮಾಲಿನ) ತೂಕ ಹಾಕಿ ತೆಗೆಯಿರಿ. ಆಗಸ್ಟ್‌ನಲ್ಲಿ ಇಪ್ಪತ್ತು ಚೀಲ ಬಂದ ದಿನದ ದರಕ್ಕೂ ಜನವರಿಯಲ್ಲಿ ಸಾವಿರಾರು ಚೀಲ ಬಂದ ದಿನದ ದರಕ್ಕೂ ಒಂದೇ ತೂಕ ಕೊಡಬಾರದು. ಗಂಜ್ (ಮಾರುಕಟ್ಟೆ) ಬಂದ್ ಇದ್ದ ದಿನ ಸೊನ್ನೆ ಇದ್ದರೆ ಅಳಿಸಿ ಖಾಲಿ ಬಿಡಿ. ಆಮೇಲೆ ಪ್ರತಿ ತಿಂಗಳ ದರವನ್ನು ಅದರ ಸುತ್ತಲಿನ 12 ತಿಂಗಳ ಸರಾಸರಿಯಿಂದ ಭಾಗಿಸಿ, ಎಲ್ಲ ಜನವರಿಗಳ ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಟ್ಟನಡುವಿನ ಅಂಕಿ), ಎಲ್ಲ ಜುಲೈಗಳ ಮಧ್ಯಾಂಕ ತೆಗೆಯಿರಿ. ಸರಾಸರಿ ತೆಗೆದರೆ 2015 ಒಂದೇ ವರ್ಷ ಎಲ್ಲವನ್ನೂ ಎಳೆದುಹಾಕುತ್ತೆ. ಎಕ್ಸೆಲ್‌ನ ಅಂದಾಜು ಫಾರ್ಮುಲಾ ಫೋರ್‌ಕಾಸ್ಟ್ ಇಟಿಎಸ್ ಬಳಸೋದಾದರೆ ಸೀಸನಾಲಿಟಿ (ಏರಿಳಿತ ಎಷ್ಟು ತಿಂಗಳಿಗೊಮ್ಮೆ ಮರಳುತ್ತೆ ಅನ್ನೋ) ಜಾಗದಲ್ಲಿ 12 ಅಂತ ನೀವೇ ಬರೆಯಿರಿ, ಅದನ್ನೇ ಹುಡುಕಲು ಬಿಟ್ಟರೆ ಒಮ್ಮೊಮ್ಮೆ ಬೇರೆ ಅಂಕಿ ಹಿಡಿಯುತ್ತೆ.

ಆಮೇಲೆ ಪರೀಕ್ಷೆ. 2019ರ ಜನವರಿಯಲ್ಲಿ ನಿಂತ ಹಾಗೆ ಅಲ್ಲಿವರೆಗಿನ ಡೇಟಾ ಮಾತ್ರ ಕೊಟ್ಟು ಜುಲೈ ಹೇಳಿಸಿ. ಹಾಗೇ 2020, 2021. ಪಕ್ಕದ ಕಾಲಂನಲ್ಲಿ "ಜುಲೈ ದರ = ಜನವರಿ ದರ" ಅನ್ನೋ ಸೋಮಾರಿ ಅಂದಾಜನ್ನೂ ಇಡಿ. ಇಟಿಎಸ್ ಇದನ್ನೇ ಸೋಲಿಸದಿದ್ದರೆ ಅದನ್ನು ಬಿಟ್ಟುಬಿಡಿ.

ಒಣಭೂಮಿ_ಆಳಂದ:
ಬೀದರ್ ಸರ್ ಹೇಳಿದ್ದು ಖರೆ, ಆದ್ರ ಹಳೆ ದರದಾಗ ಸರ್ಕಾರದ ಆದೇಶ ಕಾಣೋದಿಲ್ಲ. 2017ರ ಆಗಸ್ಟ್‌ನಾಗ ತೊಗರಿ ಆಮದಿಗೆ ವರ್ಷಕ್ಕ 2 ಲಕ್ಷ ಟನ್ ಅಂತ ಮಿತಿ ಹಾಕಿದ್ರು. 2021ರ ಮೇ ತಿಂಗಳಾಗ ಮುಕ್ತ ಮಾಡಿದ್ರು, ಆಮ್ಯಾಲೆ ಅವಧಿ ಮುಂದೂಡ್ತಾ ಬಂದ್ರು. ಈ ಎರಡು ಕಾಲದ ಡೇಟಾ ಒಂದೇ ಬುಟ್ಟಿಗೆ ಹಾಕಿದ್ರ ಹ್ಯಾಂಗ? ಶೀಟಿನಾಗ ಒಂದು ಕಾಲಂ ಹೆಚ್ಚಿಗಿ ಮಾಡಿ, ಆ ತಿಂಗಳು ಆಮದು ಮುಕ್ತ ಇದ್ರ 1, ಮಿತಿ ಇದ್ರ 0 ಬರೀರಿ. ಮುಕ್ತ ಇದ್ದ ವರ್ಷಗಳನ್ನ ಬ್ಯಾರೆ ಎಣಸ್ರಿ.

ಇನ್ನ ತಿಂಗಳ ಲೆಕ್ಕ. ಆಫ್ರಿಕಾದ ಮಾಲು, ಮೊಜಾಂಬಿಕ್ ಮುಖ್ಯ, ಸೆಪ್ಟೆಂಬರ್ ಸುತ್ತ ಬರಲಿಕ್ಕೆ ಹತ್ತತದ. ಮ್ಯಾನ್ಮಾರ್ ಸುಗ್ಗಿ ನಮ್ಮದು ಮುಗಿಯೋ ಹೊತ್ತಿಗಿ. ಹಂಗಾಗಿ ಜುಲೈ ದಾಟಿಸಿ ಇಡೋದು ಭಾಳ ಅಪಾಯ.

ಬೆಳೆ ನೋಡೋದಾದ್ರ ನವೆಂಬರ್‌ನಾಗ ಹೂವು ನೋಡ್ರಿ. ಮೋಡ, ಮಂಜು ಹಿಡಿದ್ರ ಹೂ ಉದುರತಾವ, ಕಾಯಿಕೊರಕ ಜೋರಾಗ್ತದ. ತಗ್ಗು ಹೊಲದಾಗ ನೀರು ನಿಂತ್ರ ನೆಟೆ ರೋಗ (ಗಿಡ ಬಾಡಿ ಒಣಗೋದು). 2022ರ ಹಂಗಾಮಿನಾಗ ಜಿಲ್ಲೆ ತುಂಬ ಅದೇ ಆತು. ಒಂದು ಎಚ್ಚರ: ನಮ್ಮ ಜೇವರ್ಗಿ, ಚಿತ್ತಾಪುರ ಹಾಳಾದ್ರ ದರ ಏರೇ ಏರ್ತದ ಅನ್ಕೋಬ್ಯಾಡ್ರಿ. ಮಹಾರಾಷ್ಟ್ರದ ಲಾತೂರ, ಅಕೋಲಾ ಕಡಿ ಚಲೋ ಬಂದ್ರ ಅದೇ ಇಲ್ಲಿ ದರ ಏರದಂಗ ಕಟ್ಟಿ ಹಾಕತದ. ನಮ್ಮ ಮಂದಿ ತಮ್ಮ ಹೊಲ ನೋಡಿ ದೇಶದ ದರ ಹೇಳೋದೇ ದೊಡ್ಡ ತಪ್ಪು.

ಗಂಜ್_ಬೇಳೆಮಿಲ್:
ಮುಕ್ತ ಇದ್ದ ವರ್ಷ ಅಷ್ಟೇ ತಗೊಂಡ್ರ ನಾಲ್ಕೈದು ಜನವರಿ ಉಳೀತಾವ. ಅದರ ಮ್ಯಾಲೆ ಏನು ಹೇಳೋದು? ಕೇಂದ್ರದ ಮುಂಗಡ ಅಂದಾಜಿನ ಉತ್ಪಾದನೆ ಅಂಕಿ ಸೇರಿಸಿದ್ರ ನಡೀತದ?

ಅಂಕಿಲೆಕ್ಕ_ಬೀದರ್:
ನಡೆಯುತ್ತೆ, ಆದರೆ ಅಲ್ಲಿ ಒಂದು ಗುಂಡಿ ಇದೆ. ಆ ಅಂಕಿಯನ್ನು ವರ್ಷದೊಳಗೆ ಹಲವು ಸಲ ತಿದ್ದುತ್ತಾರೆ. ಈಗ ವೆಬ್‌ಸೈಟಲ್ಲಿ ಸಿಗೋ ಅಂತಿಮ ಅಂಕಿ ಹಾಕಿ ಹಳೆ ವರ್ಷ ಪರೀಕ್ಷಿಸಿದರೆ ಮಾಡೆಲ್ ಮಹಾ ಬುದ್ಧಿವಂತ ಅನಿಸುತ್ತೆ, ಯಾಕಂದ್ರೆ ಜನವರಿಯಲ್ಲಿ ಯಾರಿಗೂ ಗೊತ್ತಿರದ ಸಂಗತಿ ಅದಕ್ಕೆ ಹೇಳಿಕೊಟ್ಟಿರ್ತೀರಿ. ಮೊದಲ ಮುಂಗಡ ಅಂದಾಜನ್ನೇ ಹಾಕಿ.

ನಾಲ್ಕೈದು ವರ್ಷದಿಂದ ನಿಖರ ಶೇಕಡಾ ಬರೋದಿಲ್ಲ, ನಿಜ. ಹತ್ತೂ ವರ್ಷದಲ್ಲಿ ಜನವರಿಯಿಂದ ಜುಲೈಗೆ 8.7% ದಾಟಿದ್ದು ಎಷ್ಟು ಸಲ ಅಂತ ಎಣಿಸಿ. ನಾಲ್ಕು ಸಲ ಆದರೆ 40%ರಿಂದ ಶುರು ಮಾಡಿ. ಆಮದು ಮುಕ್ತ ಇದ್ದರೆ ಸ್ವಲ್ಪ ಇಳಿಸಿ, ಬೆಳೆ ಕಡಿಮೆ ಅಂತ ಅಂದಾಜು ಬಂದರೆ ಸ್ವಲ್ಪ ಏರಿಸಿ. ಎಷ್ಟು ಇಳಿಸಿದಿರಿ, ಯಾಕೆ ಅಂತ ಅದೇ ದಿನ ತಾರೀಖು ಹಾಕಿ ಬರೆದಿಡಿ. ಜುಲೈನಲ್ಲಿ "ನಾನು ಆಗಲೇ ಹೇಳಿದ್ದೆ" ಅನ್ನೋ ನೆನಪನ್ನು ನಂಬಬೇಡಿ.

ಇನ್ನೊಂದು, ಸಂಭಾವ್ಯತೆ ಒಂದೇ ಸಾಲದು. ಖರ್ಚು ಕಳೆದು ಗೆದ್ದಾಗ ಕ್ವಿಂಟಲ್‌ಗೆ 600 ಉಳಿದು, ಸೋತಾಗ 900 ಹೋಗುತ್ತೆ ಅನ್ನಿ. ಆಗ 60% ಸಲ ಗೆದ್ದರೂ 360 ಬಂದು 360 ಹೋಯ್ತು, ಕೈಯಲ್ಲಿ ಸೊನ್ನೆ.

ಒಣಭೂಮಿ_ಆಳಂದ:
ದಾಸ್ತಾನು ಮಿತಿ (ಇಷ್ಟಕ್ಕಿಂತ ಹೆಚ್ಚು ಮಾಲು ಇಟ್ಟುಕೋಬಾರದು ಅನ್ನೋ ಸರ್ಕಾರದ ಆದೇಶ) ಮರೀಬ್ಯಾಡ್ರಿ. 2023ರ ಜೂನ್‌ನಾಗ ಮಿಲ್ಲಿಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಇಲ್ಲಾ ವಾರ್ಷಿಕ ಸಾಮರ್ಥ್ಯದ 25%, ಯಾವುದು ಹೆಚ್ಚೋ ಅದು ಅಂದ್ರು. ಅದೇ ಸೆಪ್ಟೆಂಬರ್‌ನಾಗ ಒಂದು ತಿಂಗಳು ಇಲ್ಲಾ 10%ಕ್ಕ ಇಳಿಸಿದ್ರು. ದರ ಏರಿದಾಗೇ ಈ ಆದೇಶ ಬರ್ತದ, ಅಂದ್ರ ನಿಮ್ಮ ಅಂದಾಜು ಖರೆ ಆದ ವರ್ಷವೇ ಮಾಲು ಹೊರಗ ಹಾಕಬೇಕಾಗ್ತದ. ಒಂದು ತಿಂಗಳು ಅರೆಯೋವಷ್ಟಕ್ಕಿಂತ ಹೆಚ್ಚಿಗಿ ಹಿಡಿಯೋದಾದ್ರ ಜನವರಿ, ಫೆಬ್ರವರಿ, ಮಾರ್ಚ್ ಅಂತ ಮೂರು ಕಂತಿನಾಗ ಹಿಡೀರಿ. ತೇವ 12% ಮ್ಯಾಲಿದ್ರ ಮೊದಲು ಒಣಸ್ರಿ, ಇಲ್ಲಾಂದ್ರ 1.5% ತೂಕದ ಲೆಕ್ಕ ಅಲ್ಲೇ ಕೆಡ್ತದ.